ಅರಿಜೋನಾದ ಮರುಭೂಮಿ ಕೆರೆ, ಹೊಳೆಗಳಲ್ಲಿ ಫ್ಲೈ ಗಾಳ: ಬಾಸ್ ಮತ್ತು ಕ್ಯಾಟ್‌ಫಿಶ್

(ಗಾಳ ಹಾಕುವವರ ಚರ್ಚೆ. ‘ಚಾಂಡ್ಲರ್ ದಡ’, ‘ಗರಿಗಂಟು’ ಮುಂತಾದವು ಬರೆದವರ ಅಡ್ಡಹೆಸರು.)

ಚಾಂಡ್ಲರ್ ದಡ:

ಫೀನಿಕ್ಸ್ ಸುತ್ತಲಿನ ನೀರಿನಲ್ಲಿ ಬಾಸ್, ಕ್ಯಾಟ್‌ಫಿಶ್ ಎರಡನ್ನೂ ಫ್ಲೈ ರಾಡ್‌ನಲ್ಲೇ, ಅಂದರೆ ಗರಿ, ತುಪ್ಪಳ ಕಟ್ಟಿದ ನಕಲಿ ಹುಳು (ಫ್ಲೈ) ಎಸೆಯುವ ಕೋಲಿನಲ್ಲೇ, ಹಿಡಿಯಬೇಕೆಂಬ ಆಸೆ. ಕೈಯಲ್ಲಿರುವುದು ಟ್ರೌಟ್‌ಗೆಂದು ಕೊಂಡ 9 ಅಡಿಯ 5 ವೇಟ್ ರಾಡ್ (ವೇಟ್ ಅಂದರೆ ಲೈನಿನ ಭಾರದ ನಂಬರ್), ತೇಲುವ ಲೈನು, 5ಎಕ್ಸ್ ಟಿಪೆಟ್ (ಫ್ಲೈ ಕಟ್ಟುವ ತುದಿಯ ತೆಳು ಎಳೆ). ದೋಣಿ ಇಲ್ಲ. ತಿಳಿಯಬೇಕಾದ್ದು ಇಷ್ಟು: ದಡದಿಂದ ಹೋಗಲು ಯಾವ ಕೆರೆ ಸರಿ? ಈ ಸಾಮಾನು ಸಾಲುತ್ತದೆಯೇ? ಕ್ಯಾಟ್‌ಫಿಶ್ ನಿಜಕ್ಕೂ ಫ್ಲೈಗೆ ಬಾಯಿ ಹಾಕುತ್ತದೆಯೇ, ಇಲ್ಲ ಅದು ಅಪರೂಪಕ್ಕೆ ಆಗುವ ಮಾತೇ? ಜುಲೈ ತಿಂಗಳಲ್ಲಿ ಹೋಗಬಹುದೇ?

ಅಳತೆ, ಸಂಖ್ಯೆ ಸಮೇತ ಹೇಳಿದರೆ ಉಪಕಾರ. ‘ನೀರು ನೋಡಿಕೊಂಡು ಹಾಕಿ’ ಅಂದರೆ ಹೊಸಬರಿಗೆ ಏನೂ ಗೊತ್ತಾಗುವುದಿಲ್ಲ.

ಗರಿಗಂಟು:

ಫ್ಲೈ ಬಣ್ಣದ ವಿಚಾರ ಆಮೇಲೆ. ಮೊದಲು ನೀರಿನ ಮಟ್ಟ.

ಇವು ಹೆಸರಿಗೆ ಕೆರೆಗಳು, ಅಸಲಿಗೆ ನೀರಾವರಿ ಜಲಾಶಯಗಳು. ಸಾಲ್ಟ್ ನದಿಗೆ ಒಂದರ ಕೆಳಗೊಂದರಂತೆ ನಾಲ್ಕು ಅಣೆಕಟ್ಟು. ಮೇಲೆ ರೂಸ್‌ವೆಲ್ಟ್ (1911), ಅದರ ಕೆಳಗೆ ಅಪಾಚೆ ಕೆರೆಯನ್ನು ನಿಲ್ಲಿಸಿದ ಹಾರ್ಸ್ ಮೇಸಾ (1927), ಆಮೇಲೆ ಕ್ಯಾನ್ಯನ್ ಕೆರೆಯ ಮಾರ್ಮನ್ ಫ್ಲ್ಯಾಟ್ (1925), ಕೊನೆಗೆ ಸವಾರೊ ಕೆರೆಯ ಸ್ಟೂವರ್ಟ್ ಮೌಂಟನ್ (1930). ವರ್ಡೆ ನದಿಯ ಮೇಲೆ ಬಾರ್ಟ್ಲೆಟ್ (1939), ಅದಕ್ಕೂ ಮೇಲೆ ಹಾರ್ಸ್‌ಶೂ (1946). ಮಂಡ್ಯದ ಕಡೆಯವರು ನಾಲೆಗೆ ನೀರು ಬಿಟ್ಟರಾ ಎಂದು ಕನ್ನಂಬಾಡಿಯ ಮಟ್ಟ ವಿಚಾರಿಸುವ ಹಾಗೆ, ಇಲ್ಲಿ ಎಸ್‌ಆರ್‌ಪಿ, ಅಂದರೆ ಸಾಲ್ಟ್ ರಿವರ್ ಪ್ರಾಜೆಕ್ಟ್, ದಿನಾ ಹಾಕುವ ಮಟ್ಟದ ಪಟ್ಟಿ ನೋಡಿಯೇ ಮನೆ ಬಿಡಬೇಕು.

ಇದರಲ್ಲಿ ಗಮನಿಸಬೇಕಾದ ಭೇದ ಒಂದಿದೆ. ಅಪಾಚೆ, ಕ್ಯಾನ್ಯನ್, ಸವಾರೊ ಕೆರೆಗಳನ್ನು ವರ್ಷವಿಡೀ ಹೆಚ್ಚುಕಡಿಮೆ ತುಂಬಿಯೇ ಇಟ್ಟಿರುತ್ತಾರೆ. ಏರಿಳಿತವನ್ನೆಲ್ಲ ಮೇಲಿನ ರೂಸ್‌ವೆಲ್ಟ್ ನುಂಗಿಕೊಳ್ಳುತ್ತದೆ. ವರ್ಡೆ ಕಡೆ ಹಾರ್ಸ್‌ಶೂ ಬಹುತೇಕ ಖಾಲಿಯೇ ಆಗುತ್ತದೆ, ಬಾರ್ಟ್ಲೆಟ್ ಕೂಡ ಹತ್ತಿಳಿಯುತ್ತದೆ. ಲೇಕ್ ಪ್ಲೆಸೆಂಟ್ ಇನ್ನೊಂದು ಬಗೆ. ಕೊಲರಾಡೊ ನದಿಯ ನೀರನ್ನು ಕಾಲುವೆಯಲ್ಲಿ ತಂದು ಚಳಿಗಾಲದಲ್ಲಿ ತುಂಬಿಸುತ್ತಾರೆ, ಬೇಸಿಗೆಯಲ್ಲಿ ಬಿಡುತ್ತಾರೆ. ಹಾಗಾಗಿ ದಡದಿಂದ ಗಾಳ ಹಾಕುವ ಹೊಸಬರಿಗೆ ಸವಾರೊ ಅಥವಾ ಕ್ಯಾನ್ಯನ್ ಸರಿ. ಹೋದ ವಾರ ಮೀನು ಕಂಡ ಬಂಡೆ ಈ ವಾರವೂ ಅಷ್ಟೇ ನೀರಿನ ಕೆಳಗಿರುತ್ತದೆ.

ಮಟ್ಟ ಇಳಿಯುತ್ತಿದ್ದರೆ ಬಾಸ್ ದಡದ ಪೊದೆ ಬಿಟ್ಟು ಮೊದಲ ಇಳಿಜಾರಿನ ಅಂಚಿಗೆ ಹೋಗುತ್ತದೆ. ಏರುತ್ತಿದ್ದರೆ ತಿರುಗಿ ಪೊದೆಯೊಳಗೆ. ರೂಸ್‌ವೆಲ್ಟ್ ಬರಗಾಲ ಕಳೆದು ತುಂಬಿದಾಗ, ಒಣಗಿದ್ದ ದಡದಲ್ಲಿ ಬೆಳೆದ ಟ್ಯಾಮರಿಸ್ಕ್ ಪೊದೆಗಳೆಲ್ಲ ಮುಳುಗುತ್ತವೆ. ಮರಿಗಳಿಗೆ ಅದಕ್ಕಿಂತ ಒಳ್ಳೆಯ ಆಸರೆ ಇಲ್ಲ. ಎರಡು ಮೂರು ವರ್ಷ ಬಿಟ್ಟು ಆ ಮರಿಗಳು ದೊಡ್ಡವಾಗಿ ಗಾಳಕ್ಕೆ ಬರುತ್ತವೆ. ರೂಸ್‌ವೆಲ್ಟ್‌ನಲ್ಲಿ ಮೀನು ಹೆಚ್ಚು ಸಿಕ್ಕ ವರ್ಷಗಳ ಹಿಂದೆ ಸಾಮಾನ್ಯವಾಗಿ ನೀರು ಚೆನ್ನಾಗಿ ತುಂಬಿದ ಒಂದು ವರ್ಷ ಇರುತ್ತದೆ.

ಮಟ್ಟದ ನಂತರ ನೀರಿನ ಬಿಸಿ. ಥರ್ಮಾಮೀಟರ್ ಇಲ್ಲದೆ ಹೋಗಬೇಡಿ.

12–14 ಡಿಗ್ರಿ ಸೆಲ್ಸಿಯಸ್: ಬಾಸ್ ಆಳದಿಂದ ಮೇಲೆ ಬರಲು ಶುರು. ಬಿಸಿಲು ಬೀಳುವ ದಡದ ಜಲ್ಲಿ ಇಳಿಜಾರು ನೋಡಿ.
15–18: ಗೂಡು ಮಾಡುವ ಕಾಲ. ಗೂಡಿನ ಮೇಲೆ ಕೂತ ಗಂಡನ್ನು ಎತ್ತಿದರೆ ಬ್ಲೂಗಿಲ್ ಎಂಬ ಚಿಕ್ಕ ಮೀನುಗಳು ನಿಮಿಷದಲ್ಲಿ ಮೊಟ್ಟೆ ತಿಂದು ಮುಗಿಸುತ್ತವೆ. ಅದನ್ನು ಬಿಟ್ಟುಬಿಡಿ ಎಂಬುದು ನನ್ನ ಕಳಕಳಿಯ ಮಾತು.
20–22: ಥ್ರೆಡ್‌ಫಿನ್ ಶ್ಯಾಡ್ (ಬಾಸ್ ತಿನ್ನುವ ಚಿಕ್ಕ ಬೆಳ್ಳಿ ಮೀನು) ಮೊಟ್ಟೆ ಇಡುವ ಹೊತ್ತು. ನಸುಕಿನಲ್ಲಿ ಜೊಂಡಿನ ಅಂಚಿಗೆ, ತೇಲುಕಟ್ಟೆಗಳ ಬದಿಗೆ ಗುಂಪುಗುಂಪಾಗಿ ಬರುತ್ತವೆ. ಫ್ಲೈ ರಾಡ್‌ಗೆ ವರ್ಷದ ಅತ್ಯುತ್ತಮ ಒಂದು ಗಂಟೆ ಇದೇ, ಸೂರ್ಯ ಗುಡ್ಡ ದಾಟಿದರೆ ಮುಗಿಯಿತು.
27ರ ಮೇಲೆ: ನಸುಕು ಮತ್ತು ರಾತ್ರಿ ಮಾತ್ರ.

ಸಿಂಕಿಂಗ್ ಲೈನ್:

5 ವೇಟ್ ಬಗ್ಗೆ: ನಗರದ ಕೊಳಗಳಲ್ಲಿ 1–2 ಪೌಂಡ್ ಮೀನಿಗೆ ಸಾಕು, ಕೆರೆಗೆ ಸಾಲದು. ಮೀನು ಎಳೆದು ಮುರಿಯುತ್ತದೆ ಎಂಬ ಕಾರಣಕ್ಕಲ್ಲ. ಭಾರದ ಕಣ್ಣು ಕಟ್ಟಿದ 4ನೇ ನಂಬರ್ ಫ್ಲೈಯನ್ನು (ನಂಬರ್ ಇಳಿದಷ್ಟೂ ಗಾಳ ದೊಡ್ಡದು) ಮಧ್ಯಾಹ್ನದ ಕಣಿವೆ ಗಾಳಿಗೆ ಎದುರಾಗಿ 5 ವೇಟ್ ಲೈನು ಹೊತ್ತೊಯ್ಯಲಾರದು. ಫ್ಲೈ ಬಂದು ರಾಡ್ ತುದಿಗೋ ಕಿವಿಗೋ ಬಡಿಯುತ್ತದೆ. 7 ವೇಟ್ ಕೊಳ್ಳಿ. ಒಂದೇ ರಾಡ್‌ನಲ್ಲಿ ಬಾಸೂ ಚಾನೆಲ್ ಕ್ಯಾಟೂ (ಚಾನೆಲ್ ಕ್ಯಾಟ್‌ಫಿಶ್) ಆಗುತ್ತವೆ. ಫ್ಲ್ಯಾಟ್‌ಹೆಡ್ ಕ್ಯಾಟ್‌ಫಿಶ್‌ನ ಮೇಲೆ ಕಣ್ಣಿದ್ದರೆ 9 ವೇಟ್.

5ಎಕ್ಸ್ ಟಿಪೆಟ್ ಮನೆಯಲ್ಲೇ ಬಿಡಿ. ಲೀಡರ್, ಅಂದರೆ ಲೈನಿಗೂ ಫ್ಲೈಗೂ ನಡುವಿನ ಎಳೆ, ನೀವೇ ಕಟ್ಟಿಕೊಳ್ಳಬಹುದು: 30 ಪೌಂಡ್ ತಾಳುವ ನೈಲಾನ್ 3 ಅಡಿ, 20 ಪೌಂಡ್ 2 ಅಡಿ, 12 ಪೌಂಡ್ ಫ್ಲೋರೋಕಾರ್ಬನ್ ಎರಡೂವರೆ ಅಡಿ. ಒಟ್ಟು ಏಳೂವರೆ ಅಡಿ. ಫ್ಲೈಗೆ ನಾನ್-ಸ್ಲಿಪ್ ಲೂಪ್ ಗಂಟು, 12 ಪೌಂಡ್ ಎಳೆಗೆ 5 ಸುತ್ತು. ಬಿಗಿಯುವ ಮುನ್ನ ಎಂಜಲು ಹಚ್ಚಿ. ಒಣ ಗಂಟು ಬಿಗಿದರೆ ತಿಕ್ಕಾಟದ ಬಿಸಿಗೇ ಎಳೆ ಸುರುಳಿಯಾಗಿ ಬಲ ಕಳೆದುಕೊಳ್ಳುತ್ತದೆ, ಈ ಒಣ ಹವೆಯಲ್ಲಿ ಇನ್ನೂ ಬೇಗ.

ಈಗ ಮುಖ್ಯ ವಿಷಯ. ಇಲ್ಲಿಯ ಕಣಿವೆ ಕೆರೆಗಳಲ್ಲಿ ದಡದಿಂದ ನಾಲ್ಕು ಹೆಜ್ಜೆಗೇ 15–20 ಅಡಿ ಆಳ. ತೇಲುವ ಲೈನಿಗೆ ಭಾರದ ಫ್ಲೈ ಕಟ್ಟಿ ಎಷ್ಟು ಹೊತ್ತು ಕಾದರೂ, ಎಳೆಯಲು ಶುರು ಮಾಡಿದೊಡನೆ ಅದು ಮೇಲಕ್ಕೇ ಬರುತ್ತದೆ. ಮೀನು 15 ಅಡಿಯಲ್ಲಿ, ಫ್ಲೈ 4 ಅಡಿಯಲ್ಲಿ. ‘ಇವತ್ತು ಮೀನು ತಿನ್ನುತ್ತಿಲ್ಲ’ ಎನ್ನುವ ದಿನಗಳಲ್ಲಿ ಹೆಚ್ಚಿನವು ಇವೇ.

ಇದಕ್ಕೆ ಪರಿಹಾರ ಮುಳುಗುವ ಲೈನು. ಲೆಕ್ಕ ಸುಲಭ. ಟೈಪ್ 6 ಲೈನು ಸೆಕೆಂಡಿಗೆ ಸುಮಾರು 6 ಇಂಚು ಮುಳುಗುತ್ತದೆ, ಟೈಪ್ 3 ಸುಮಾರು 3 ಇಂಚು. 15 ಅಡಿ ಅಂದರೆ 180 ಇಂಚು. ಟೈಪ್ 6ಕ್ಕೆ 30 ಎಣಿಸಬೇಕು, ಟೈಪ್ 3ಕ್ಕೆ 60. ಬಾಯಲ್ಲೇ ಎಣಿಸಿ, ಪ್ರತಿ ಎಸೆತಕ್ಕೂ ಎಣಿಸಿ. 30ಕ್ಕೆ ತಳದ ಪಾಚಿ ಸಿಕ್ಕಿದರೆ ಮುಂದಿನ ಎಸೆತಕ್ಕೆ 26. ಮೀನು ಮುಟ್ಟಿದ ಸಂಖ್ಯೆ ನೆನಪಿಟ್ಟರೆ ಆ ದಿನದ ಆಳ ನಿಮ್ಮ ಕೈಯಲ್ಲಿ.

ಮುಳುಗುವ ಲೈನಿಗೆ ಏಳೂವರೆ ಅಡಿ ಲೀಡರ್ ಬೇಡ, 4 ಅಡಿ ನೇರ 12 ಪೌಂಡ್ ಎಳೆ ಸಾಕು. ಉದ್ದ ಬಿಟ್ಟರೆ ಲೈನು ತಳದಲ್ಲಿ, ಫ್ಲೈ ಅದರ ಮೇಲೆ ಗಾಳಿಪಟದ ಹಾಗೆ.

ಚಾಂಡ್ಲರ್ ದಡ:

ತುಂಬ ಉಪಯೋಗವಾಯಿತು. ಇಂಡಿಕೇಟರ್ (ಎಳೆಯ ಮೇಲಿನ ತೇಲು ಬುರುಡೆ) ಕಟ್ಟಿ ಫ್ಲೈ ತೂಗುಬಿಟ್ಟರೆ ಈ ಎಣಿಕೆಯೇ ಬೇಕಿಲ್ಲ ಅಲ್ಲವೇ?

ಸಿಂಕಿಂಗ್ ಲೈನ್:

10 ಅಡಿಯವರೆಗೆ ಸರಿ. ಅದಕ್ಕಿಂತ ಆಳವಾದರೆ ಇಂಡಿಕೇಟರ್ ರಾಡ್ ತುದಿಗೆ ಬಂದು ನಿಂತಾಗ ಮೀನು ಇನ್ನೂ ಬಲೆಗೆ ಎಟುಕದಷ್ಟು ದೂರ ಇರುತ್ತದೆ. ಜಾರುವ ಇಂಡಿಕೇಟರ್ ಇದ್ದರೆ ಬೇರೆ ಮಾತು. ಬೆಳಗಿನ 8–12 ಡಿಗ್ರಿ ತಣ್ಣೀರಿನಲ್ಲಿ ಇಂಡಿಕೇಟರ್ ಕೆಳಗೆ ಬ್ಯಾಲೆನ್ಸ್ಡ್ ಲೀಚ್ (ಅಡ್ಡಡ್ಡ ತೂಗುವ ಜಿಗಣೆಯಂಥ ಫ್ಲೈ) ತೂಗುಬಿಡುವುದು ಎಲ್ಲಕ್ಕಿಂತ ಮೇಲು. ಅಲೆ ಕುಲುಕುವುದೇ ಅದಕ್ಕೆ ಚಲನೆ, ನೀವು ಏನೂ ಮಾಡಬೇಕಿಲ್ಲ.

ಮೀಸೆಯ ಮೀನು:

ಕ್ಯಾಟ್‌ಫಿಶ್ ಪ್ರಶ್ನೆಗೆ ಯಾರೂ ಕೈ ಹಾಕಿಲ್ಲ, ನಾನು ಹಾಕುತ್ತೇನೆ.

ಇಲ್ಲಿ ಮುಖ್ಯವಾಗಿ ಎರಡು ಜಾತಿ, ಎರಡೂ ಹೊರಗಿನಿಂದ ತಂದು ಬಿಟ್ಟವು. ಚಾನೆಲ್ ಕ್ಯಾಟ್ ಸತ್ತದ್ದನ್ನೂ ತಿನ್ನುತ್ತದೆ, ಬದುಕಿದ್ದನ್ನೂ ತಿನ್ನುತ್ತದೆ. ಫ್ಲ್ಯಾಟ್‌ಹೆಡ್‌ಗೆ ಹೆಚ್ಚಾಗಿ ಜೀವಂತ ಮೀನೇ ಬೇಕು. ಫ್ಲ್ಯಾಟ್‌ಹೆಡ್ ಎಷ್ಟು ಬೆಳೆಯುತ್ತದೆ ಎಂಬುದಕ್ಕೆ: 2013ರಲ್ಲಿ ಬಾರ್ಟ್ಲೆಟ್ ಕೆರೆಯಲ್ಲಿ ಸಿಕ್ಕ ದಾಖಲೆ ಮೀನಿನ ತೂಕ 76 ಪೌಂಡ್ ದಾಟಿತ್ತು. ಅದು ಫ್ಲೈಗೆ ಸಿಗುವುದು ವಿರಳ, ಆ ಆಸೆ ಇಟ್ಟುಕೊಂಡು ಶುರು ಮಾಡಬೇಡಿ. ಚಾನೆಲ್ ಕ್ಯಾಟ್ ಮಾತ್ರ ಲೆಕ್ಕ ಹಾಕಿಯೇ ಹಿಡಿಯಬಹುದಾದ ಮೀನು.

ಚಾನೆಲ್ ಕ್ಯಾಟ್‌ನ ಮೀಸೆಯಲ್ಲಷ್ಟೇ ಅಲ್ಲ, ಇಡೀ ಮೈಮೇಲೆ ರುಚಿಮೊಗ್ಗುಗಳಿವೆ. ಕೋಳಿ ಕರುಳು ಹಾಕಿ ಕೂತವರಿಗೆ ಅದು ಅನುಕೂಲ. ಫ್ಲೈಗೆ ವಾಸನೆ ಇಲ್ಲ. ಆದರೆ ಅದಕ್ಕೆ ಪಕ್ಕೆಯ ಗೆರೆಯಲ್ಲಿ ನೀರಿನ ಅಲುಗಾಟ ಗೊತ್ತಾಗುತ್ತದೆ, ಕಿವಿ ಚುರುಕು, ತಿಳಿನೀರಿನಲ್ಲಿ ಕಣ್ಣೂ ಚೆನ್ನಾಗಿ ಕಾಣುತ್ತದೆ. ಈ ಮೂರನ್ನು ನಂಬಿ ಕಟ್ಟಬೇಕು. ದೊಡ್ಡ ಆಕಾರ, ಕಪ್ಪು ಬಣ್ಣ, ನೀರನ್ನು ತಳ್ಳುವ ತಲೆ.

ಹೊತ್ತು: ಕೊನೆಯ ಅರ್ಧ ಗಂಟೆ ಬೆಳಕು ಮತ್ತು ಕತ್ತಲಾದ ಮೇಲಿನ ಎರಡು ಗಂಟೆ. ನೀರು 24–29 ಡಿಗ್ರಿ. ಜಾಗ: ನೀರು ಒಳಬರುವ ಬಾಯಿ, ಗಾಳಿ ಬಡಿಯುವ ದಡ, ಕಲ್ಲು ಪೇರಿಸಿದ ಏರಿ. ಮೇ ಕೊನೆಯಿಂದ ಜುಲೈವರೆಗೆ ಅವು ಕಲ್ಲಿನ ಪೊಟರೆಗಳಲ್ಲಿ ಮೊಟ್ಟೆ ಇಡುತ್ತವೆ, ಏರಿಯ ಕಲ್ಲಿನ ಬುಡಕ್ಕೆ ಫ್ಲೈ ಇಳಿಸಿದರೆ ಗಂಡು ಕಾವಲಿನ ಸಿಟ್ಟಿಗೆ ಕಚ್ಚುತ್ತದೆ.

ಒಂದು ತಪ್ಪು ಕಲ್ಪನೆ: ‘ಬೇಸಿಗೆಯಲ್ಲಿ ಕ್ಯಾಟ್‌ಫಿಶ್ ಆಳದ ತಳದಲ್ಲಿ ಮಲಗಿರುತ್ತದೆ.’ ಇಲ್ಲಿಯ ಕೆರೆಗಳು ಬೇಸಿಗೆಯಲ್ಲಿ ಪದರ ಕಟ್ಟುತ್ತವೆ. ಮೇಲೆ ಬಿಸಿನೀರು, ಕೆಳಗೆ ತಣ್ಣೀರು, ಆ ಕೆಳಗಿನ ಪದರದಲ್ಲಿ ಆಮ್ಲಜನಕ ಮುಗಿದಿರುತ್ತದೆ. 60 ಅಡಿಯಲ್ಲಿ ಮೀನು ಉಸಿರಾಡಲಾರದು. ಅದು 8ರಿಂದ 25 ಅಡಿಯೊಳಗೆ ಇರುತ್ತದೆ, ರಾತ್ರಿ 3 ಅಡಿಗೂ ಬರುತ್ತದೆ.

ಎಳೆಯುವ ಬಗೆ: ಫ್ಲೈ ತಳ ಮುಟ್ಟಲಿ. 3 ಇಂಚು ಎಳೆ, 5 ಎಣಿಸು. ಮತ್ತೆ 3 ಇಂಚು, 5 ಎಣಿಸು. ಬಾಸ್‌ಗೆ ಎಳೆದ ಅಭ್ಯಾಸದವರಿಗೆ ಇದು ಅಸಾಧ್ಯ ನಿಧಾನ ಅನ್ನಿಸುತ್ತದೆ, ಆದರೂ ಅದೇ ಸರಿ. ಮೀನು ಹೊಡೆದ ಹಾಗೆ ಆಗುವುದಿಲ್ಲ, ಲೈನು ಸುಮ್ಮನೆ ಭಾರವಾಗುತ್ತದೆ, ಒದ್ದೆ ಬಟ್ಟೆ ಸಿಕ್ಕಿದ ಹಾಗೆ. ಆಗ ರಾಡ್ ಎತ್ತಬೇಡಿ. ರಾಡ್ ತುದಿ ನೀರಿಗೇ ನೆಟ್ಟಿರಲಿ, ಎಡಗೈಯಲ್ಲಿ ಲೈನನ್ನು ಉದ್ದಕ್ಕೆ ಜಗ್ಗಿ. ರಾಡ್ ಎತ್ತಿದರೆ ಬಾಗುವುದು ರಾಡೇ, ಗಾಳ ಮೀನಿನ ದಪ್ಪ ತುಟಿಗೆ ಇಳಿಯುವುದಿಲ್ಲ.

ಚಳಿಗಾಲದಲ್ಲಿ ಇನ್ನೊಂದು ಅವಕಾಶ ಇದೆ. ಥ್ರೆಡ್‌ಫಿನ್ ಶ್ಯಾಡ್ ಚಳಿ ತಡೆಯದ ಮೀನು. ನೀರು 7 ಡಿಗ್ರಿಯ ಆಸುಪಾಸಿಗೆ ಬಂದರೆ ತೇಲಾಡಿ ಸಾಯುತ್ತವೆ, ಆಳವಿಲ್ಲದ ಮೂಲೆಗಳಲ್ಲಿ ಮೊದಲು. ಗಾಳಿ ಅವನ್ನು ಒಂದು ಮೂಲೆಗೆ ತಳ್ಳುತ್ತದೆ, ಚಾನೆಲ್ ಕ್ಯಾಟ್ ಅಲ್ಲಿಗೆ ಬಂದು ಮೇಲಿಂದಲೇ ಹೀರುತ್ತದೆ. 3 ಇಂಚಿನ ಬಿಳಿ ಫ್ಲೈ, ಒಂಚೂರೂ ಭಾರವಿಲ್ಲದ್ದು, ತೇಲುವ ಲೈನು. ಎಳೆಯಲೇಬೇಡಿ. ಸತ್ತ ಮೀನು ಈಜುವುದಿಲ್ಲ.

ಏರಿಮೇಲೆ:

ಫ್ಲೈಗೆ ವಾಸನೆ ಹಚ್ಚಿಬಿಟ್ಟರೆ ಕ್ಯಾಟ್‌ಫಿಶ್ ಸಮಸ್ಯೆ ಅರ್ಧ ಮುಗಿಯಿತಲ್ಲ? ಸ್ವಲ್ಪ ಬೆಳ್ಳುಳ್ಳಿ ಎಣ್ಣೆ ಸಾಕು.

ಗರಿಗಂಟು:

ಬೇಡ. ಕೃತಕ ಗಾಳ ಮಾತ್ರ ಎಂಬ ನಿಯಮವಿರುವ ನೀರಿನಲ್ಲಿ ವಾಸನೆ ಹಚ್ಚುವುದು ನಿಯಮಭಂಗ, ಅದು ಮೊದಲ ಮಾತು. ನಿಯಮ ಅಡ್ಡಿಯಾಗದ ಕಡೆಯೂ ಎಣ್ಣೆ ನಿಮ್ಮ ಬೆರಳಿಂದ ಲೈನಿಗೆ ಹೋಗುತ್ತದೆ, ಲೈನು ರಾಡಿನ ಗೈಡ್ ಬಳೆಗಳಲ್ಲಿ ಜಾರುವುದು ನಿಲ್ಲುತ್ತದೆ, ಮರಳು ಅಂಟುತ್ತದೆ. ಫ್ಲೈಗೆ ಕಟ್ಟಿದ ಮೊಲದ ತುಪ್ಪಳ ಎಣ್ಣೆ ಕುಡಿದರೆ ನೀರಿನಲ್ಲಿ ಬಿಚ್ಚಿಕೊಳ್ಳದೆ ಮುದ್ದೆಯಾಗುತ್ತದೆ. ಅದಕ್ಕೆ ಇರುವ ಒಂದೇ ಶಕ್ತಿ ಆ ಅಲುಗಾಟ. ಅದನ್ನು ಕಳೆದು ವಾಸನೆ ಪಡೆದರೆ ಲಾಭವೇನು?

ನಿಜವಾದ ವಾಸನೆಯ ತೊಂದರೆ ಬೇರೆ. ಸನ್‌ಸ್ಕ್ರೀನ್ ಹಚ್ಚಿದ ಕೈಯಲ್ಲಿ ಫ್ಲೈ ಕಟ್ಟಬೇಡಿ. ದಡದ ಮಣ್ಣಲ್ಲಿ ಕೈ ಉಜ್ಜಿ, ತೊಳೆದು, ಆಮೇಲೆ ಮುಟ್ಟಿ. ಸನ್‌ಸ್ಕ್ರೀನ್ ಲೈನಿನ ಪದರವನ್ನೂ ಹಾಳುಮಾಡುತ್ತದೆ.

ಚಾಂಡ್ಲರ್ ದಡ:

ಒಪ್ಪಿದೆ. ಆ ಕಪ್ಪು ಫ್ಲೈ ಕಟ್ಟುವ ಕ್ರಮ ಹೇಳುತ್ತೀರಾ? ಅಂಗಡಿಯದು ನಾಲ್ಕೇ ಎಸೆತಕ್ಕೆ ಬಾಲ ಗಾಳಕ್ಕೆ ಸುತ್ತಿಕೊಂಡುಬಿಡುತ್ತದೆ.

ಗರಿಗಂಟು:

ಸುತ್ತಿಕೊಳ್ಳುವುದಕ್ಕೆ ಕಾರಣ ಬಾಲಕ್ಕೆ ಕೆಳಗಿನಿಂದ ಆಸರೆ ಇಲ್ಲದಿರುವುದು. ಹೀಗೆ ಕಟ್ಟಿ:

2ನೇ ನಂಬರಿನ ಉದ್ದ ದಂಡಿನ ಸ್ಟ್ರೀಮರ್ (ಚಿಕ್ಕಮೀನಿನಂಥ ಫ್ಲೈ) ಗಾಳ. ವೈಸ್‌ಗೆ (ಗಾಳ ಕಚ್ಚಿ ಹಿಡಿಯುವ ಸಾಧನ) ಕೊಡುವ ಮೊದಲೇ ಮುಳ್ಳನ್ನು ಇಕ್ಕಳದಲ್ಲಿ ಒತ್ತಿ ಮಡಚಿ. ಆಮೇಲೆ ಮುರಿದರೆ ಕಟ್ಟಿದ್ದೆಲ್ಲ ವ್ಯರ್ಥ.

ದಾರದ ತಳಹದಿ ಹಾಕಿ. ಗಾಳದ ಕಣ್ಣಿನಿಂದ (ಎಳೆ ಕಟ್ಟುವ ಬಳೆ) ದಂಡಿನ ನಾಲ್ಕನೇ ಒಂದು ಭಾಗ ಬಿಟ್ಟು, ದಂಡಿನ ಮೇಲ್ಗಡೆ ಡಂಬ್‌ಬೆಲ್ ಆಕಾರದ ಲೋಹದ ಕಣ್ಣು ಕಟ್ಟಿ, ಎಂಟರ ಆಕಾರದಲ್ಲಿ 12–15 ಸುತ್ತು, ಒಂದು ಹನಿ ಅಂಟು. ಮೇಲೆ ಕಟ್ಟುವುದರಿಂದಲೇ ಫ್ಲೈ ನೀರಿನಲ್ಲಿ ಮಗುಚಿ ಗಾಳದ ತುದಿ ಮೇಲಾಗುತ್ತದೆ, ಕಲ್ಲಿಗೆ ಸಿಕ್ಕುವುದು ಕಡಿಮೆ. ತೂಕ: 6 ಅಡಿ ನೀರಿಗೆ 1/36 ಔನ್ಸ್, ಅಂದರೆ ಸುಮಾರು 0.8 ಗ್ರಾಂ. 10 ಅಡಿಗೆ 1/24 ಔನ್ಸ್, ಸುಮಾರು 1.2 ಗ್ರಾಂ. ಅದಕ್ಕೂ ಆಳಕ್ಕೆ ಕಣ್ಣಿನ ಭಾರ ಏರಿಸಬೇಡಿ, ಲೈನು ಬದಲಿಸಿ.

ಈಗ ಆಸರೆ. 20 ಪೌಂಡ್ ಗಟ್ಟಿ ನೈಲಾನ್ 3 ಇಂಚು ತೆಗೆದುಕೊಂಡು, ಎರಡು ತುದಿಯನ್ನೂ ಬಾಗಿನ ಹತ್ತಿರ ದಂಡಿನ ಎರಡು ಪಕ್ಕಕ್ಕೆ ಕಟ್ಟಿ. ಹಿಂದಕ್ಕೆ ಅರ್ಧ ಇಂಚಿನ ಅಡ್ಡ ಕುಣಿಕೆ ಚಾಚಿರಬೇಕು, ಚಮಚದ ಅಂಚಿನ ಹಾಗೆ. ಅದರ ಮೇಲೆ ಕಪ್ಪು ಮೊಲದ ಪಟ್ಟಿ, ದಂಡಿನ ಒಂದೂವರೆ ಪಟ್ಟು ಉದ್ದ. ತೊಗಲಿನ ಬದಿ ಕುಣಿಕೆಯ ಮೇಲೆ ಕೂರಬೇಕು. ಪಟ್ಟಿ ಉದ್ದವಾದಷ್ಟೂ ಚೆಂದ ಕಾಣುತ್ತದೆ, ಆದರೆ ಮೀನು ಬಾಲ ಕಚ್ಚಿ ಬಿಡುತ್ತದೆ. ಒಂದೂವರೆ ಪಟ್ಟು ದಾಟಬೇಡಿ.

ಮೈಗೆ ಇನ್ನೊಂದು ಮೊಲದ ಪಟ್ಟಿಯನ್ನು ಅಡ್ಡಡ್ಡ ಸುತ್ತುತ್ತ ಡಂಬ್‌ಬೆಲ್ ಕಣ್ಣಿನವರೆಗೆ ತನ್ನಿ. ಪ್ರತಿ ಸುತ್ತಿಗೂ ತುಪ್ಪಳವನ್ನು ಹಿಂದಕ್ಕೆ ಸವರಬೇಕು, ಇಲ್ಲದಿದ್ದರೆ ಮುಂದಿನ ಸುತ್ತು ಹಿಂದಿನದನ್ನು ಅಮುಕಿ ಮೈ ಬೋಳಾಗುತ್ತದೆ. ಆ ಕಣ್ಣಿನ ಸುತ್ತ ಕಪ್ಪು ಡಬ್ಬಿಂಗ್ (ದಾರಕ್ಕೆ ಹೊಸೆಯುವ ತುಪ್ಪಳ) ದಪ್ಪಗೆ ತುಂಬಿ. ಈ ದಪ್ಪ ತಲೆಯೇ ನೀರು ತಳ್ಳುವುದು.

ಕೊನೆಗೆ ಒದ್ದೆ ಮಾಡಿ ಬಕೆಟ್ ನೀರಿನಲ್ಲಿ ಎಳೆದು ನೋಡಿ. ಒಂದು ಪಕ್ಕಕ್ಕೆ ವಾಲಿದರೆ ಡಂಬ್‌ಬೆಲ್ ಓರೆಯಾಗಿದೆ, ಬೆರಳಲ್ಲಿ ತಿರುಗಿಸಿ ನೇರ ಮಾಡಿ ಇನ್ನೊಂದು ಹನಿ ಅಂಟು.

ಬಾಸ್‌ಗೆ ಇದೇ ಫ್ಲೈಯನ್ನು 4ನೇ ನಂಬರಿನಲ್ಲಿ ಆಲಿವ್ ಬಣ್ಣಕ್ಕೆ ಕಟ್ಟಿ. ಜೊತೆಗೆ ಬಿಳಿ–ಬೂದು ಕ್ಲೌಸರ್ ಮಿನ್ನೋ ಎಂಬ ಚಿಕ್ಕಮೀನಿನಂಥ ಫ್ಲೈ, ಎರಡೂವರೆ ಇಂಚು. ಶ್ಯಾಡ್ ಅಳತೆ ಅದು.

ವರ್ಡೆ ಹೊಳೆ:

ಎಲ್ಲರೂ ಕೆರೆಯನ್ನೇ ಹಿಡಿದು ಕೂತಿದ್ದೀರಿ. ದೋಣಿ ಇಲ್ಲದವರಿಗೆ ಹೊಳೆಯೇ ಮೇಲು, 5 ವೇಟ್ ರಾಡ್ ಅಲ್ಲಿ ಸಲ್ಲುತ್ತದೆ ಕೂಡ.

ಕ್ಲಾರ್ಕ್‌ಡೇಲ್, ಕಾಟನ್‌ವುಡ್‌ನಿಂದ ಕ್ಯಾಂಪ್ ವರ್ಡೆ ದಾಟುವವರೆಗೆ ವರ್ಡೆ ನದಿಯಲ್ಲಿ ಸ್ಮಾಲ್‌ಮೌತ್ ಬಾಸ್, ಗುಂಡಿಗಳಲ್ಲಿ ಚಾನೆಲ್ ಕ್ಯಾಟ್, ಅಲ್ಲಲ್ಲಿ ಫ್ಲ್ಯಾಟ್‌ಹೆಡ್. ಇಲ್ಲಿ ಊಟದ ತಟ್ಟೆ ಎಂದರೆ ಕ್ರಾಫಿಶ್ (ಸೀಗಡಿಯಂಥ, ಕೊಂಡಿಯಿರುವ ಹೊಳೆಜೀವಿ). ಅರಿಜೋನಾಕ್ಕೆ ಸ್ವಂತ ಕ್ರಾಫಿಶ್ ಇಲ್ಲ, ಎಲ್ಲ ಹೊರಗಿನಿಂದ ಬಂದು ಹೊಳೆ ತುಂಬಿದವು. ಜೀವಂತ ಹಿಡಿದು ಬೇರೆ ಕಡೆ ಸಾಗಿಸಬೇಡಿ, ಕಾನೂನಿಗೂ ವಿರುದ್ಧ.

ಫ್ಲೈ: 6ನೇ ನಂಬರ್ ಜಿಗ್ ಗಾಳ (ಕಣ್ಣಿನ ಬಳಿ ಬಾಗಿದ್ದು), ಆಲಿವ್ ಮತ್ತು ತುಕ್ಕು ಬಣ್ಣ, ಎರಡು ಇಂಚು ಮೀರಬಾರದು. ದೊಡ್ಡ ಕೊಂಡಿ ಕಟ್ಟಿ ಅಲಂಕಾರ ಮಾಡಬೇಡಿ. ಕೊಂಡಿ ಎತ್ತಿದ ದೊಡ್ಡ ಕ್ರಾಫಿಶ್‌ಗೆ ಬಾಸ್ ಹೆದರುತ್ತದೆ, ಮುದುಡಿಕೊಂಡು ಹಿಂದಕ್ಕೆ ಓಡುವ ಚಿಕ್ಕದನ್ನು ನುಂಗುತ್ತದೆ. ಓಡುನೀರು ಗುಂಡಿಗೆ ಇಳಿಯುವ ಬಾಯಲ್ಲಿ ಮೇಲಿನಿಂದ ಬಿಟ್ಟು, ತಳದ ಕಲ್ಲಿಗೆ ತಾಗುತ್ತ ತಾಗುತ್ತ ಉರುಳಲು ಬಿಡಿ. ಗುಂಡಿಗೆ ಬಿದ್ದ ಮೇಲೆ 8 ಇಂಚಿನ ಎರಡು ಚುರುಕು ಜಗ್ಗು, ನಿಲ್ಲಿಸಿ, 3 ಎಣಿಸಿ.

ನಿಮಗೆ ಸಿಗುವ ಎಲ್ಲವೂ ಬಾಸ್ ಅಲ್ಲ. ಬೆಳ್ಳಿ ಮೈ, ಕವಲು ಬಾಲ, ಬಾಲದ ಬುಡ ಸಣಕಲು, ಬೆನ್ನಿನ ರೆಕ್ಕೆಯಲ್ಲಿ ಚುಚ್ಚುವ ಮುಳ್ಳಿಲ್ಲ ಅಂದರೆ ಅದು ರೌಂಡ್‌ಟೇಲ್ ಚಬ್. ಈ ಹೊಳೆಯ ಮೂಲ ನಿವಾಸಿ, ಸಂಖ್ಯೆ ಕುಗ್ಗಿರುವ ಮೀನು. ಕೈ ಒದ್ದೆ ಮಾಡಿಕೊಂಡು ನೀರಿನಲ್ಲೇ ಬಿಡಿಸಿ.

ಮುಂಗಾರು. ಇಲ್ಲಿ ಜೂನ್ 15ರಿಂದ ಸೆಪ್ಟೆಂಬರ್ 30ರವರೆಗೆ ಎಂದು ಲೆಕ್ಕ. ನಮ್ಮ ಮಲೆನಾಡಿನ ಜಡಿಮಳೆ ಅಲ್ಲ, ಗುಡ್ಡದ ಆಚೆ ಮುಕ್ಕಾಲು ಗಂಟೆ ಸುರಿದು ನಿಲ್ಲುತ್ತದೆ. ನಿಮ್ಮ ತಲೆಯ ಮೇಲೆ ಬಿಸಿಲಿರುವಾಗಲೇ ನೀರು ಬರುತ್ತದೆ. ತಿಳಿಯಾಗಿದ್ದ ನೀರು ಚಹಾ ಬಣ್ಣಕ್ಕೆ ತಿರುಗಿತು, ಕಡ್ಡಿ, ಬೂದಿ ನೊರೆ ತೇಲಿ ಬಂತು ಅಂದರೆ ಸಾಮಾನು ಮಡಚಲು ನಿಲ್ಲಬೇಡಿ, ಬಂದ ದಾರಿಗಲ್ಲ, ಹತ್ತಿರದ ಎತ್ತರಕ್ಕೆ ಹೋಗಿ. ಕಾಡ್ಗಿಚ್ಚು ಸುಟ್ಟ ಗುಡ್ಡಗಳ ಕೆಳಗಂತೂ ಮಣ್ಣು ನೀರು ಹಿಡಿಯುವುದೇ ಇಲ್ಲ. 2019ರ ವುಡ್‌ಬರಿ ಬೆಂಕಿಯ ನಂತರ ಬಂದ ಪ್ರವಾಹ ಅಪಾಚೆ ಕೆರೆಗೆ ಹೋಗುವ ಹಳೆಯ ರಸ್ತೆಯನ್ನೇ ಕಿತ್ತಿತು, ವರ್ಷಗಟ್ಟಲೆ ಆ ಭಾಗ ಮುಚ್ಚಿತ್ತು. ಆ ದಾರಿ ಹಿಡಿಯುವವರು ಹೊರಡುವ ದಿನವೇ ರಸ್ತೆಯ ಸ್ಥಿತಿ ನೋಡಿ.

ಪ್ರವಾಹ ಇಳಿದು ನೀರು ಒಂದೆರಡು ಅಡಿ ಕಾಣುವಷ್ಟು ತಿಳಿಯಾದ ದಿನ ಕ್ಯಾಟ್‌ಫಿಶ್‌ಗೆ ಹಬ್ಬ. ಕೊಚ್ಚಿ ಬಂದದ್ದನ್ನು ಅವು ಅಂಚಿನಲ್ಲೇ ತಿನ್ನುತ್ತವೆ. ಗರಿಗಂಟು ಅವರ ಕಪ್ಪು ಫ್ಲೈಯನ್ನು ದಡದಿಂದ 4 ಅಡಿಯೊಳಗೆ ಇಳಿಸಿ, ನಡುಹೊಳೆಗೆ ಎಸೆಯಬೇಡಿ.

ಸವಾರೊ ಕೆಳಗಿನ ಸಾಲ್ಟ್ ನದಿಗೆ ಬೇರೆ ಲೆಕ್ಕ. ಬೇಸಿಗೆಯಲ್ಲಿ ನೀರು ಬಿಡುತ್ತಾರೆ, ಟ್ಯೂಬ್‌ನಲ್ಲಿ ತೇಲುವವರ ಜಾತ್ರೆ. ಬೆಳಗ್ಗೆ ಐದರಿಂದ ಎಂಟರೊಳಗೆ ಮುಗಿಸಬೇಕು. ಚಳಿಗಾಲದಲ್ಲಿ ಬಿಡುಗಡೆ ವರ್ಡೆ ಕಡೆಯಿಂದ, ಸಾಲ್ಟ್‌ನ ಆ ಭಾಗ ಗುಂಡಿಗಳ ಸಾಲಾಗುತ್ತದೆ.

ನೆರಳು ನೀರು:

ಜುಲೈ ಪ್ರಶ್ನೆ ಹಾಗೇ ಉಳಿದಿದೆ. 2023ರಲ್ಲಿ ಫೀನಿಕ್ಸ್‌ನಲ್ಲಿ 31 ದಿನ ಸತತವಾಗಿ 110 ಫ್ಯಾರನ್‌ಹೀಟ್ ಮುಟ್ಟಿತ್ತು, ಅಂದರೆ 43 ಡಿಗ್ರಿ ಸೆಲ್ಸಿಯಸ್ ಮೇಲೆ. ಇಂಥ ತಿಂಗಳಲ್ಲಿ ಹಗಲು ಹೋಗಬೇಡಿ, ಅಷ್ಟೇ. ರಾತ್ರಿ ಹೋದರೂ ಒಬ್ಬೊಬ್ಬರಿಗೆ ಕುಡಿಯಲು 4 ಲೀಟರ್ ನೀರು, ಅದರಲ್ಲಿ ಒಂದಿಷ್ಟಕ್ಕೆ ಉಪ್ಪು ಸಕ್ಕರೆ ನಿಂಬೆ. ಬೆವರು ಇಲ್ಲಿ ಚರ್ಮದ ಮೇಲೆ ನಿಲ್ಲುವುದೇ ಇಲ್ಲ, ಕರಾವಳಿಯವರಿಗೆ ‘ಬೆವರೇ ಬರುತ್ತಿಲ್ಲ’ ಅನ್ನಿಸುತ್ತದೆ. ಬರುತ್ತಿರುತ್ತದೆ, ಆವಿಯಾಗಿ ಹೋಗುತ್ತಿರುತ್ತದೆ. ಮೂತ್ರ ಗಾಢವಾದರೆ ಆಗಲೇ ತಡವಾಗಿದೆ.

ಕಲ್ಲಿನ ಮೇಲೆ ಕೈ ಊರುವ ಮುನ್ನ ನೇರಳಾತೀತ ಟಾರ್ಚ್ ಹಾಯಿಸಿ. ಚೇಳುಗಳು ಹಸಿರಾಗಿ ಹೊಳೆಯುತ್ತವೆ. ಬುಡುಬುಡಿಕೆ ಹಾವು ಬೇಸಿಗೆಯಲ್ಲಿ ರಾತ್ರಿಯೇ ಓಡಾಡುವುದು, ಪಾದ ಮುಚ್ಚುವ ಬೂಟು ಬೇಕೇ ಬೇಕು.

ಸಾಮಾನನ್ನು ಕಾರಿನಲ್ಲಿ ಬಿಟ್ಟು ಹೋಗಬೇಡಿ. ಮುಚ್ಚಿದ ಕಾರಿನ ಒಳಗಿನ ಕಾವಿಗೆ ಫ್ಲೈ ಲೈನಿನ ಮೇಲ್ಪದರ ಮೆದುವಾಗಿ ರೀಲಿನ ಮೇಲೆ ಒಂದಕ್ಕೊಂದು ಅಂಟುತ್ತದೆ, ಆಮೇಲೆ ಬಿಚ್ಚಿದಾಗ ಹೊಟ್ಟಾಗಿ ಬಿರುಕು. ಫೋಮ್ ಪಾಪರ್‌ಗಳ (ತೇಲುವ ಫ್ಲೈ) ಅಂಟು ಬಿಡುತ್ತದೆ. ತಣ್ಣೀರಿಗೆಂದು ಮಾಡಿದ ಟ್ರೌಟ್ ಲೈನು ಈ ಬಿಸಿಗೆ ನೂಡಲ್ಸ್ ಹಾಗೆ ಜೋಲುತ್ತದೆ. ಬೆಚ್ಚಗಿನ ನೀರಿಗೆಂದೇ ಮಾಡಿದ ಲೈನು ಕೊಳ್ಳಿ.

ಮೀನಿನ ಪರವಾಗಿಯೂ ಒಂದು ಮಾತು: 27 ಡಿಗ್ರಿ ದಾಟಿದ ನೀರಿನಲ್ಲಿ ಬಾಸ್‌ನೊಡನೆ ಉದ್ದಕ್ಕೆ ಆಡಬೇಡಿ. ಬೇಗ ಎಳೆದು, ನೀರಿನಲ್ಲೇ ಬಿಡಿಸಿ. ಫೋಟೋಗೆ ಎತ್ತಿದರೆ 10 ಸೆಕೆಂಡ್.

ಮೀಸೆಯ ಮೀನು:

ಹಿಡಿಯುವ ಬಗ್ಗೆ. ನಮ್ಮೂರ ಗದ್ದೆ ಬಯಲಲ್ಲಿ ಚೇಳುಮೀನು ಚುಚ್ಚಿಸಿಕೊಂಡವರಿಗೆ ಹೇಳಬೇಕಿಲ್ಲ. ಇದರ ವಿಷ ಅಷ್ಟು ಉಗ್ರವಲ್ಲ, ಆದರೆ ಬೆನ್ನಿನ ಒಂದು ಮುಳ್ಳು, ಪಕ್ಕದ ಎರಡು ಮುಳ್ಳು ಹಾಗೇ ಇವೆ, ನೆಟ್ಟಗೆ ನಿಂತು ಬೀಗ ಹಾಕಿಕೊಳ್ಳುತ್ತವೆ. ಹೊಟ್ಟೆಯ ಕಡೆಯಿಂದ ಕೈ ಹಾಕಿ, ಪಕ್ಕದ ಮುಳ್ಳುಗಳ ಹಿಂದೆ ಹೆಬ್ಬೆರಳು ಒಂದು ಕಡೆ, ತೋರುಬೆರಳು ಇನ್ನೊಂದು ಕಡೆ ಬರುವಂತೆ ಹಿಡಿಯಿರಿ. ಚಿಕ್ಕ ಮೀನಿನ ಮುಳ್ಳೇ ಹೆಚ್ಚು ಚೂಪು. ಬಾಯೊಳಗೆ ಮರಳು ಕಾಗದದಂಥ ಹಲ್ಲು, ಪ್ರತಿ ಮೀನಿನ ನಂತರ ಕೊನೆಯ 6 ಇಂಚು ಎಳೆಯನ್ನು ಉಗುರಲ್ಲಿ ಸವರಿ ನೋಡಿ. ಒರಟು ತಾಗಿದರೆ ಕತ್ತರಿಸಿ ಹೊಸ ಗಂಟು.

ಏರಿಮೇಲೆ:

ಸಾರಿಗೆ ಆಗುತ್ತದೆಯೇ?

ಮೀಸೆಯ ಮೀನು:

1–2 ಪೌಂಡಿನ ಚಾನೆಲ್ ಕ್ಯಾಟ್ ಚೆನ್ನಾಗಿ ಆಗುತ್ತದೆ. ದೊಡ್ಡ ಬಾಸ್, ದೊಡ್ಡ ಫ್ಲ್ಯಾಟ್‌ಹೆಡ್ ಬೇಡ. ಮೀನು ತಿನ್ನುವ ಮೀನಿನಲ್ಲಿ ಪಾದರಸ ಸೇರುತ್ತ ಹೋಗುತ್ತದೆ, ಯಾವ ಕೆರೆಯ ಯಾವ ಮೀನು ಎಷ್ಟು ತಿನ್ನಬಹುದೆಂದು ರಾಜ್ಯದ ಪರಿಸರ ಇಲಾಖೆಯ ಪಟ್ಟಿ ಇದೆ, ನೋಡಿ. ಸ್ವಚ್ಛ ಮಾಡುವಾಗ ಚರ್ಮ ಸುಲಿದು, ಪಕ್ಕೆಯ ಉದ್ದಕ್ಕೂ ಇರುವ ಕೆಂಪು ಮಾಂಸದ ಪಟ್ಟಿಯನ್ನು ತೆಗೆದುಹಾಕಿ. ಮಣ್ಣು ವಾಸನೆ ಕೂರುವುದು ಅಲ್ಲೇ ಹೆಚ್ಚು. ಕಲ್ಲುಪ್ಪು, ಅರಿಸಿನ, ಹುಣಸೆಹುಳಿ ಹಾಕಿ 20 ನಿಮಿಷ ಬಿಟ್ಟು ತೊಳೆಯಿರಿ. ಆ ಮಣ್ಣು ವಾಸನೆಯ ವಸ್ತು ಹುಳಿಗೆ ಒಡೆಯುತ್ತದೆ, ಅಜ್ಜಿಯರ ಕ್ರಮ ಸರಿಯಾಗಿಯೇ ಇತ್ತು.

ಸಿಂಕಿಂಗ್ ಲೈನ್:

ಎರಡು ಎಚ್ಚರಿಕೆ ಸೇರಿಸುತ್ತೇನೆ. ಒಂದು, ಗೋಲ್ಡನ್ ಆಲ್ಗೆ. ಸಾಲ್ಟ್ ನದಿ ಹೆಸರಿಗೆ ತಕ್ಕಂತೆ ಉಪ್ಪಿನ ಅಂಶದ ನೀರು, ಮೇಲ್ಗಡೆ ಉಪ್ಪು ಊಟೆಗಳಿವೆ. ಇಂಥ ನೀರಿನಲ್ಲಿ ಈ ಪಾಚಿ ಹೆಚ್ಚಿ ವಿಷ ಬಿಡುತ್ತದೆ. 2000ದ ದಶಕದ ಮಧ್ಯದಿಂದ ಅಪಾಚೆ, ಕ್ಯಾನ್ಯನ್, ಸವಾರೊಗಳಲ್ಲಿ ಮೀನುಗಳು ರಾಶಿರಾಶಿ ಸತ್ತದ್ದಿದೆ. ನೀರು ತಾಮ್ರದ ಹಳದಿಗೆ ತಿರುಗಿ, ದಡದಲ್ಲಿ ನೊರೆ, ಕಿವಿರಿನಲ್ಲಿ ರಕ್ತ ಕಟ್ಟಿದ ಶ್ಯಾಡ್ ಕಂಡರೆ ಗಾಳ ಮಡಚಿ, ಗೇಮ್ ಅಂಡ್ ಫಿಶ್ ಇಲಾಖೆಗೆ ತಿಳಿಸಿ. ಎರಡು, ಕ್ವಾಗ್ಗಾ ಚಿಪ್ಪು, ಹೊರಗಿನಿಂದ ಬಂದು ಹರಡುವ ಚಿಕ್ಕ ಚಿಪ್ಪುಜೀವಿ. 2007ರ ಜನವರಿಯಲ್ಲಿ ಲೇಕ್ ಮೀಡ್‌ನಲ್ಲಿ ಕಂಡದ್ದು ಪ್ಲೆಸೆಂಟ್‌ಗೂ ಬಂದಿದೆ. ಮರಿಗಳು ಕಣ್ಣಿಗೆ ಕಾಣವು. ಕಯಾಕ್, ಫ್ಲೋಟ್ ಟ್ಯೂಬ್, ಬೂಟು ಎಲ್ಲವನ್ನೂ ತೊಳೆದು, ನೀರು ಬಸಿದು, ಪೂರ್ತಿ ಒಣಗಿಸಿಯೇ ಇನ್ನೊಂದು ಕೆರೆಗೆ.

ಚಾಂಡ್ಲರ್ ದಡ:

7 ವೇಟ್ ಬರುವವರೆಗೆ 5 ವೇಟ್‌ನಲ್ಲಿ ಅಭ್ಯಾಸಕ್ಕೆ ಎಲ್ಲಿ ಹೋಗಲಿ?

ಮೀಸೆಯ ಮೀನು:

ನಿಮ್ಮ ಊರಲ್ಲೇ ವೆಟರನ್ಸ್ ಓಯಸಿಸ್, ಡೆಸರ್ಟ್ ಬ್ರೀಜ್ ಕೊಳಗಳಿವೆ, ಪಕ್ಕದ ಗಿಲ್ಬರ್ಟ್‌ನಲ್ಲಿ ವಾಟರ್ ರ‍್ಯಾಂಚ್. ಇಲಾಖೆಯವರು ಚಳಿಗಾಲದಲ್ಲಿ ಟ್ರೌಟ್, ಬಿಸಿಲು ಏರಿದ ಮೇಲೆ ಚಾನೆಲ್ ಕ್ಯಾಟ್ ತಂದು ಬಿಡುತ್ತಾರೆ, ಬಿಡುವ ವಾರದ ಪಟ್ಟಿ ಮೊದಲೇ ಹಾಕಿರುತ್ತಾರೆ. 10 ವರ್ಷ ತುಂಬಿದ ಎಲ್ಲರಿಗೂ ಪರವಾನಗಿ ಬೇಕು, ಮಕ್ಕಳನ್ನು ಕರೆದೊಯ್ಯುವವರು ಮರೆಯಬೇಡಿ. ಮೀನು ಬಿಟ್ಟ ಎರಡನೆಯ ಸಂಜೆ ಹೋಗಿ. ಹೊಸ ಮೀನು ಏರಿಯಂಚಲ್ಲೇ ಸುತ್ತು ಹಾಕುತ್ತಿರುತ್ತದೆ, 20 ಅಡಿ ಎಸೆತ ಸಾಕು. 5 ವೇಟ್‌ಗೆ 8ನೇ ನಂಬರಿನ ಕಪ್ಪು ವೂಲಿ ಬಗರ್ ಫ್ಲೈ, 10 ಪೌಂಡ್ ಎಳೆ. 3 ಇಂಚು ಜಗ್ಗಿ, 5 ಎಣಿಸಿ.